ಜೇಡರ ನೇಯ್ಗೆ: ಚಿಂಚೋಳಿ ಕಾಡಿನ ದೊಡ್ಡ ಬಲೆಗಳನ್ನು ಗುರುತಿಸುವ ಬಗೆ

(ಸೇಡಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಳೆಗಾಲ ಮುಗಿಯುತ್ತಿದ್ದಂತೆ ಚಿಂಚೋಳಿಯ ಕುಂಚಾವರಂ ಕಾಡಿನ ಕಾಲುದಾರಿ ಹಿಡಿಯುವವರು ಕೈಯಲ್ಲೊಂದು ಕಡ್ಡಿ ಹಿಡಿದು ಮುಖದ ಮುಂದೆ ಆಡಿಸುತ್ತ ನಡೆಯುತ್ತಾರೆ. ಮೊದಲ ಸಲ ಆ ದಾರಿಯಲ್ಲಿ ಹೋದಾಗ ನನ್ನ ಕೈಯಲ್ಲಿ ಕಡ್ಡಿ ಇರಲಿಲ್ಲ. ಮುಂದೆ ನಡೆಯುತ್ತಿದ್ದ ಕುರಿಗಾಹಿ ಹಿರಿಯರು ತಟ್ಟನೆ ನಿಂತು, "ಸರ, ಬಗ್ಗಿ ಬರ್ರಿ, ಮ್ಯಾಲ ಬಲಿ ಅದ" ಅಂದರು. ಬಗ್ಗಿ ಆಚೆ ದಾಟಿ ತಿರುಗಿ ನೋಡಿದೆ. ಎರಡು ಮರಗಳ ನಡುವೆ, ಬಿಸಿಲಿಗೆ ಬಂಗಾರದ ಬಣ್ಣ ಹೊಡೆಯುವ ಬಲೆ. ಅದರಲ್ಲಿ ತಲೆ ಕೆಳಗಾಗಿ, ನನ್ನ ಅಂಗೈಯಷ್ಟು ಅಗಲ ಕಾಲು ಚಾಚಿ ನಿಂತ ಕರಿಯ ಜೇಡ. ಹೆಸರೇನೆಂದು ಕೇಳಿದೆ. "ಜೇಡ್ರ ಹುಳನೇ ಅಲ್ರೀ ಸರ, ದೊಡ್ಡದು" ಅಂದರು. ದಾರಿಯುದ್ದಕ್ಕೂ ಒಂದೊಂದು ಹುಲ್ಲಿಗೂ ಒಂದೊಂದು ಹೆಸರು ಹೇಳುತ್ತ ಬಂದವರು ಅವರು. ಯಾವ ಹುಲ್ಲನ್ನು ಕುರಿ ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಜೇಡದ ಮುಂದೆ ಮಾತ್ರ ಅವರ ಹತ್ತಿರವೂ ಒಂದೇ ಹೆಸರಿತ್ತು. ಇವತ್ತಿನ ನನ್ನ ಮಾತೆಲ್ಲ ಆ ಒಂದು ಹೆಸರನ್ನು ಬಿಡಿಸಿ ನೋಡುವ ಪ್ರಯತ್ನ.

ಆ ಹೆಸರಿನಿಂದಲೇ ಶುರು ಮಾಡೋಣ. ಜೇಡ ಅಂದರೆ ನೇಕಾರ. ಜೇಡರ ಹುಳ ಅಂದರೆ ನೇಕಾರರ ಹುಳ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವ ಜೇಡರ ಎಂಬುದು ಇದೇ ಮಾತು. ಅವರು ಮಗ್ಗದ ಮುಂದೆ ಕೂತು ಬಟ್ಟೆ ನೇಯ್ದವರು, ರಾಮನಾಥ ಎಂಬ ಅಂಕಿತದಲ್ಲಿ ವಚನ ಹೇಳಿದವರು. ಅವರ ಮುದನೂರು ಸುರಪುರ ಸೀಮೆಯ ಊರು, ನಮಗೆ ದೂರದ್ದೇನಲ್ಲ. ಆ ಊರಿರುವ ಯಾದಗಿರಿ 2009ರ ಕೊನೆಯವರೆಗೂ ನಮ್ಮ ಜಿಲ್ಲೆಯ ಭಾಗವೇ ಆಗಿತ್ತು. ಒಂದು ಪ್ರಾಣಿಗೆ ಅದರ ವಿಷದಿಂದಲೋ ಕಾಲಿನ ಲೆಕ್ಕದಿಂದಲೋ ಹೆಸರಿಡದೆ ಅದರ ಕಸುಬಿನಿಂದ ಹೆಸರಿಟ್ಟ ಭಾಷೆ ನಮ್ಮದು. ಗುರುತಿಸುವ ದಾರಿಯೂ ಆ ಹೆಸರಿನಲ್ಲಿಯೇ ಇದೆ: ನೇಕಾರನನ್ನು ಅವನ ಬಟ್ಟೆಯಿಂದ ಗುರುತಿಸುವ ಹಾಗೆ ಜೇಡವನ್ನು ಅದರ ಬಲೆಯಿಂದ ಗುರುತಿಸಬೇಕು. ಇಳಕಲ್ ಸೀರೆಯನ್ನು ಸೆರಗು ನೋಡಿ ಹೇಳುವ ತಾಯಂದಿರು ಈ ಸಭೆಯಲ್ಲಿದ್ದಾರೆ. ಅವರಿಗೆ ನನ್ನ ಮಾತು ಬೇಗ ತಿಳಿಯುತ್ತದೆ.

ಹುಳವನ್ನು ನೋಡಿ ಗುರುತಿಸಲು ಹೊರಟರೆ ತೊಡಕು ಬಹಳ. ಒಂದೇ ಜಾತಿಯ ಮರಿ, ಬೆಳೆದ ಹೆಣ್ಣು, ಗಂಡು ಮೂರೂ ಮೂರು ಬಣ್ಣದಲ್ಲಿರುತ್ತವೆ. ಬಲೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಚಕ್ರದ ಬಲೆ ಹೇಗೆ ಹುಟ್ಟುತ್ತದೆಂದು ಮೊದಲು ಹೇಳಿಬಿಡುತ್ತೇನೆ. ಜೇಡ ಒಂದು ಕೊಂಬೆಯ ಮೇಲೆ ನಿಂತು ಎಳೆಯೊಂದನ್ನು ಗಾಳಿಗೆ ಬಿಡುತ್ತದೆ. ಅದು ತೇಲಿ ಆಚೆಯ ಕೊಂಬೆಗೆ ಅಂಟಿದರೆ ಸೇತುವೆ ಆಯಿತು. ಅಲ್ಲಿಂದ ಕೆಳಗಿಳಿದು ಚೌಕಟ್ಟು ಕಟ್ಟಿ, ನಡುವಿನಿಂದ ಅಂಚಿಗೆ ಗಾಲಿಯ ಅರಗಳಂತೆ ನೇರ ಎಳೆಗಳನ್ನು ಹಾಸುತ್ತದೆ. ಇದು ಹಾಸು. ಆಮೇಲೆ ನಡುವಿನಿಂದ ಹೊರಕ್ಕೆ ಅಂಟಿಲ್ಲದ ಸುರುಳಿಯೊಂದನ್ನು ದೂರದೂರಕ್ಕೆ ಸುತ್ತುತ್ತದೆ. ಗೌಂಡಿಗಳು ಗೋಡೆ ಕಟ್ಟುವಾಗ ನಿಲ್ಲಿಸುವ ಸಾರವೆಯ ಹಾಗೆ, ನಿಂತು ಕೆಲಸ ಮಾಡಲು ಮಾತ್ರ ಬೇಕಾದ ಸುರುಳಿ ಅದು. ಕೊನೆಗೆ ಅಂಚಿನಿಂದ ಒಳಕ್ಕೆ ಬರುತ್ತ ಅಂಟಿನ ಸುರುಳಿ ಹೊಯ್ಯುತ್ತದೆ. ಇದು ಹೊಕ್ಕು. ಹೊಕ್ಕು ಹಾಕುತ್ತ ಬಂದಂತೆ ಬಹುಪಾಲು ಜೇಡಗಳು ಸಾರವೆಯನ್ನು ಕಿತ್ತು ಹಾಕುತ್ತವೆ. ಅನೇಕ ಜೇಡಗಳು ಹಳೆಯ ಬಲೆಯನ್ನೇ ತಿಂದು ಅದೇ ಸತ್ವದಿಂದ ಹೊಸದನ್ನು ನೇಯುತ್ತವೆ. ಮುಂಡಕೋಪನಿಷತ್ತು ಸೃಷ್ಟಿಯ ಮಾತಿಗೆ ಎಳೆಯನ್ನು ಬಿಟ್ಟು ತಿರುಗಿ ಒಳಗೆಳೆದುಕೊಳ್ಳುವ ಜೇಡದ ಹೋಲಿಕೆಯನ್ನು ಆರಿಸಿಕೊಂಡದ್ದು ಬರಿಯ ಕಲ್ಪನೆಯಲ್ಲ. ಅದು ಕಣ್ಣಿಟ್ಟು ನೋಡಿದವರು ಕೊಟ್ಟ ಹೋಲಿಕೆ.

ಇನ್ನು ನನ್ನ ಕುಂಚಾವರಂ ಜೇಡಕ್ಕೆ ಬರುತ್ತೇನೆ. ಶಾಸ್ತ್ರದಲ್ಲಿ ಅದರ ಹೆಸರು ನೆಫಿಲಾ ಪಿಲಿಪೆಸ್. 1793ರಲ್ಲಿ ಡೆನ್ಮಾರ್ಕಿನ ಫ್ಯಾಬ್ರಿಸಿಯಸ್ ಅದನ್ನು ವಿವರಿಸಿದರು. ಪಿಲಿಪೆಸ್ ಅಂದರೆ ರೋಮಗಾಲಿನದು. ಎಳೆಯ ಹೆಣ್ಣುಗಳ ಕಾಲಿನ ಮೇಲೆ ಕುಂಚದಂಥ ಕೂದಲಿರುತ್ತದೆ. ಹಳೆಯ ಪುಸ್ತಕಗಳಲ್ಲಿ ನೆಫಿಲಾ ಮ್ಯಾಕುಲಾಟಾ ಎಂಬ ಹೆಸರು ಕಂಡರೆ ಅದೂ ಇದೇ. ಕನ್ನಡದಲ್ಲಿ ನಾನು ಬಂಗಾರಬಲೆ ಜೇಡ ಎನ್ನುತ್ತೇನೆ. ಹೆಣ್ಣಿನ ಮೈ 3ರಿಂದ 5 ಸೆಂಟಿಮೀಟರ್. ಕಾಲು ಸೇರಿಸಿ ಅಳೆದರೆ 20 ಸೆಂಟಿಮೀಟರಿನವರೆಗೂ ಹೋಗುವುದುಂಟು. ಉದ್ದನೆಯ ಕರಿಯ ಹೊಟ್ಟೆಯ ಮೇಲೆ ತಲೆಯಿಂದ ಬಾಲದ ಕಡೆಗೆ ಓಡುವ ಹಳದಿ ಗೆರೆಗಳು, ಕಾಲಿನ ಕೀಲುಗಳಲ್ಲಿಯೂ ಹಳದಿ. ಹಳದಿ ಗೆರೆಯಿಲ್ಲದ ಕರಿಯ ಮೈಗೆ ಕೆಂಪು ಕಾಲುಗಳಿದ್ದರೆ ಅದು ಇದರ ದಾಯಾದಿ, ನೆಫಿಲಾ ಕುಹ್ಲೀ.

ಆದರೆ ನಾನು ಹೇಳಿದೆನಲ್ಲ, ಬಲೆ ನೋಡಿ ಎಂದು. ಇದರ ಬಲೆಗೆ ಮೂರು ಲಕ್ಷಣಗಳಿವೆ. ಎಳೆ ಹಳದಿ. ಚಕ್ರದ ನಡು ಬಲೆಯ ಮಧ್ಯದಲ್ಲಿಲ್ಲ, ಮೇಲಂಚಿಗೆ ಸರಿದಿದೆ. ಆದ್ದರಿಂದ ಬಲೆಯ ಹೆಚ್ಚಿನ ಭಾಗ ಜೇಡದ ಕೆಳಗೆ ಹರಡಿರುತ್ತದೆ. ಮೂರನೆಯದೇ ಖಾತ್ರಿಯಾದ ಗುರುತು. ಬೇರೆ ಜೇಡಗಳು ಕಿತ್ತೊಗೆಯುವ ಸಾರವೆಯ ಸುರುಳಿಯನ್ನು ಇದು ಹಾಗೆಯೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಹತ್ತಿರದಿಂದ ನೋಡಿದರೆ ಒತ್ತಾದ ಕೆಲವು ಅಂಟೆಳೆ, ಒಂದು ಬೇರೆ ಎಳೆ, ಮತ್ತೆ ಕೆಲವು ಅಂಟೆಳೆ, ಹೀಗೆ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಈ ಪಟ್ಟಿ ಕಂಡಿತೆಂದರೆ ಜೇಡ ಮನೆಯಲ್ಲಿಲ್ಲದಿದ್ದರೂ ಕುಲದ ಹೆಸರು ಹೇಳಬಹುದು. ಬಲೆ ಹರಿದರೆ ಇದು ಎಲ್ಲವನ್ನೂ ಬಿಚ್ಚಿ ಹೊಸದಾಗಿ ನೇಯುವುದಿಲ್ಲ. ಒಂದೊಂದು ಸಲಕ್ಕೆ ಅರ್ಧದಷ್ಟನ್ನು ಹೊಸದು ಮಾಡಿಕೊಳ್ಳುತ್ತದೆ. ಒಂದು ಮೀಟರಿಗೂ ಮಿಗಿಲಾದ ಬಲೆಯಲ್ಲಿ ಮಿಡತೆ, ದುಂಬಿ, ಚಿಟ್ಟೆ ಬೀಳುತ್ತವೆ. ಜಗತ್ತಿನ ಬೇರೆ ಬೇರೆ ಕಡೆ ಈ ಕುಲದ ಬಲೆಗಳಿಗೆ ಸಣ್ಣ ಹಕ್ಕಿ, ಬಾವಲಿಗಳು ಸಿಕ್ಕಿದ್ದೂ ದಾಖಲಾಗಿದೆ.

ಅದೇ ಬಲೆಯ ಮೇಲೆ ಇನ್ನೂ ಇಬ್ಬರು ವಾಸವಿರುತ್ತಾರೆ. ಮೇಲಿನ ಮೂಲೆಯಲ್ಲಿ ಅರ್ಧ ಸೆಂಟಿಮೀಟರಿನ ಕಂದು ಕೆಂಪಿನ ಹುಳ ಕಂಡರೆ ಮರಿ ಎಂದುಕೊಳ್ಳಬೇಡಿ, ಅದು ಗಂಡು. ಹೆಣ್ಣಿನ ತೂಕ ಅದರ ನೂರು ಪಟ್ಟಿಗೂ ಹೆಚ್ಚು. ಪಾದರಸದ ಹನಿಯಂತೆ ಹೊಳೆಯುವ ಚುಕ್ಕಿಗಳು ಕಂಡರೆ ಅವು ಆರ್ಗೈರೋಡೆಸ್ ಎಂಬ ಬೇರೆಯೇ ಜಾತಿ. ಸ್ವಂತ ಬಲೆ ನೇಯದೆ, ಇವಳ ಬಲೆಗೆ ಬಿದ್ದ ಸಣ್ಣ ನೊಣ ಕದ್ದು ಬದುಕುವವು.

ಈ ಜೇಡ ಮೊಟ್ಟೆ ಇಡುವ ಸಂಗತಿಗೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಾಡಿನ ಮಟ್ಟಿಗೆ ಇದೇ ಮುಖ್ಯ. ಅಷ್ಟು ಎತ್ತರದಲ್ಲಿ ಬದುಕುವ ಹೆಣ್ಣು ಮೊಟ್ಟೆಯ ಹೊತ್ತಿಗೆ ನೆಲಕ್ಕಿಳಿಯುತ್ತದೆ. ತರಗೆಲೆ ಸರಿಸಿ, ಮಣ್ಣನ್ನು ಕೆರೆದು ಸಣ್ಣ ಕುಣಿ ಮಾಡಿ, ಹಳದಿ ರೇಷ್ಮೆಯಲ್ಲಿ ಸುತ್ತಿದ ಮೊಟ್ಟೆಗಳನ್ನು ಅದರಲ್ಲಿಟ್ಟು ಮಣ್ಣು, ಕಸ ಮುಚ್ಚುತ್ತದೆ. ತಾಯಿ ಉಳಿಯುವುದಿಲ್ಲ. ಮುಂದಿನ ಮಳೆಯ ತಲೆಮಾರು ಪೂರ್ತಿ ಬೇಸಗೆಯಲ್ಲಿ ಆ ತರಗೆಲೆಯ ಕೆಳಗೇ ಇರುತ್ತದೆ. ಚಿಂಚೋಳಿಯ ಕಾಡು ಎಲೆ ಉದುರುವ ಒಣಕಾಡು. ತೇಗ, ರಕ್ತಚಂದನ, ಶ್ರೀಗಂಧಗಳ ಆ ಕಾಡಿನ 134.88 ಚದರ ಕಿಲೋಮೀಟರನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮವೆಂದು ಅದಕ್ಕೆ ಹೆಸರಿದೆ. ಫೆಬ್ರವರಿ, ಮಾರ್ಚಿಗೆ ಅಲ್ಲಿ ನೆಲದ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸಪ್ಪಳ. ಆಗ ಬೀಡಿಯ ಒಂದು ಕಿಡಿ, ಹುಲ್ಲು ಚಿಗುರಲೆಂದು ಕೊಟ್ಟ ಒಂದು ಬೆಂಕಿ ಸಾಕು. ಚಂದ್ರಂಪಳ್ಳಿ ಕೆರೆಯ ಹಿಂಬದಿಯಲ್ಲಿ ಒಂದು ವರ್ಷ ಬಂಗಾರಬಲೆಗಳನ್ನು ಕಂಡ ಹಳ್ಳದ ದಂಡೆ, ಬೇಸಗೆಯ ಬೆಂಕಿ ದಾಟಿಹೋದ ಮೇಲಿನ ಕಾರ್ತಿಕದಲ್ಲಿ ಬರಿದಾಗಿತ್ತು. ಮರಗಳು ಉಳಿದಿದ್ದವು, ಚಿಗುರಿಯೂ ಇದ್ದವು. ಹಾಗಾಗಿ ಬೆಂಕಿಯಿಂದ ಏನೂ ಆಗಲಿಲ್ಲವೆಂದು ದಾರಿಹೋಕರಿಗೆ ಅನ್ನಿಸುತ್ತದೆ.

ಈ ಬಂಗಾರದ ಎಳೆಯಿಂದ ಮನುಷ್ಯರು ಬಟ್ಟೆಯನ್ನೂ ನೇಯ್ದಿದ್ದಾರೆ. ಮಡಗಾಸ್ಕರಿನಲ್ಲಿ ಇದರ ಹತ್ತಿರದ ಸಂಬಂಧಿಯಾದ ಜೇಡವನ್ನು ಹಿಡಿದು, ಎಳೆ ತೆಗೆದು, ತಿರುಗಿ ಕಾಡಿಗೆ ಬಿಟ್ಟು ತಯಾರಿಸಿದ ಹಳದಿ ನಿಲುವಂಗಿಯನ್ನು 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದರು. ಅದೊಂದಕ್ಕೆ 12 ಲಕ್ಷ ಜೇಡಗಳ ಎಳೆ ಬೇಕಾಯಿತು. ಬಣ್ಣ ಹಾಕಿದ ಹಳದಿಯಲ್ಲ ಅದು, ಜೇಡವೇ ಕೊಟ್ಟ ಹಳದಿ.

ಕಾಡಿನಿಂದ ಹೊಲದ ಬದುವಿಗೆ ಬಂದರೆ ಸಿಗುವುದು ಸಹಿ ಜೇಡ, ಆರ್ಜಿಯೋಪೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಆರ್ಜಿಯೋಪೆ ಅನಸೂಯಾ ಎಂಬ ಜಾತಿ. ಸ್ವೀಡನ್ನಿನ ಥೊರೆಲ್ 1887ರಲ್ಲಿ ಆ ಹೆಸರು ಕೊಟ್ಟರು. ಬಲೆಯ ನಟ್ಟನಡುವೆ, ಎರಡೆರಡು ಕಾಲು ಜೋಡಿಸಿ ಗುಣಾಕಾರದ ಗುರುತಿನಂತೆ ಕೂರುತ್ತದೆ. ಹೊಟ್ಟೆಯ ಮೇಲೆ ಹಳದಿ, ಕಂದು, ಬಿಳಿಯ ಅಡ್ಡಪಟ್ಟೆ. ಬಂಗಾರಬಲೆಗೆ ಉದ್ದ ಗೆರೆ, ಇದಕ್ಕೆ ಅಡ್ಡ ಗೆರೆ, ಇಷ್ಟು ನೆನಪಿಟ್ಟರೂ ಸಾಕು. ಕಾಲುಗಳ ದಿಕ್ಕಿನಲ್ಲಿಯೇ ಬಿಳಿಯ ದಪ್ಪ ಎಳೆಯಿಂದ ಅಂಕುಡೊಂಕಾಗಿ ಕಸೂತಿ ಹಾಕಿರುತ್ತದೆ. ಆ ಕಸೂತಿ ಯಾಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದು ಬೆಳಕನ್ನು ಹೊಳೆಯಿಸಿ ಕೀಟಗಳನ್ನು ಕರೆಯುತ್ತದೆ ಎಂದು ಕೆಲವರು. ಹಾರುವ ಹಕ್ಕಿಗೆ ಇಲ್ಲಿ ಬಲೆಯಿದೆ ಎಂದು ಹೇಳುವ ಗುರುತು ಎಂದು ಅಮೆರಿಕದ ಥಾಮಸ್ ಐಸ್ನರ್ ಮತ್ತು ಸ್ಟೀಫನ್ ನೊವಿಕಿ 1983ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಖಾಲಿ ಬಲೆಗಳಿಗೆ ಅವರು ಕೃತಕ ಗುರುತು ಕೊಟ್ಟರು. ಗುರುತಿದ್ದ ಬಲೆಗಳು ಬೆಳಗಿನವರೆಗೆ ಹೆಚ್ಚಾಗಿ ಉಳಿದವು. ನನಗೆ ಎರಡನೆಯ ವಾದವೇ ಹೆಚ್ಚು ಒಪ್ಪಿಗೆಯಾಗುತ್ತದೆ. ಕಟ್ಟಿದ್ದನ್ನು ಉಳಿಸಿಕೊಳ್ಳುವ ಚಿಂತೆ ಕಟ್ಟಿದವರಿಗೆ ದೊಡ್ಡದು.

ತೊಗರಿ ರೈತರಿಗೆ ಇಲ್ಲೊಂದು ಮಾತು. ಹಸಿರು ಕಾಯಿಕೊರಕ ನಮ್ಮನ್ನು ಎಷ್ಟು ಕಾಡಿದೆ ಎಂದು ಈ ಸಭೆಗೆ ನಾನು ಹೇಳಬೇಕಿಲ್ಲ. ಗಿಡ ಅಲುಗಾಡಿಸಿ, ಕೆಳಗೆ ತಾಡಪಾಲು ಹಾಸಿ ಹುಳ ಉದುರಿಸಿದವರು ಇಲ್ಲಿದ್ದೀರಿ. ಆ ಹುಳ ರಾತ್ರಿ ಹಾರುವ ಪತಂಗದ ಮರಿ. ಸಂಜೆಯಾದ ಮೇಲೆ ಬಲೆ ಬಿಗಿಯುವ ನಿಯೋಸ್ಕೋನಾದಂಥ ಜೇಡಗಳ ಬಲೆಗೆ, ಬದುವಿನ ಸಹಿ ಜೇಡಗಳ ಬಲೆಗೆ ಪತಂಗಗಳು ಬೀಳುತ್ತವೆ. ಜೇಡವೊಂದೇ ಬೆಳೆಯನ್ನು ಕಾಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಎಣ್ಣೆ ಹೊಡೆಯುವಾಗ ಮೊದಲು ಸಾಯುವವರಲ್ಲಿ ಇವೂ ಇರುತ್ತವೆ ಎಂಬುದು ಲೆಕ್ಕದಲ್ಲಿರಲಿ.

ಮುಳ್ಳು ಜೇಡದ ಬಗ್ಗೆ ಎರಡೇ ಮಾತು. ಮೈ ಒಂದು ಸೆಂಟಿಮೀಟರಿನ ಆಸುಪಾಸು, ಗಟ್ಟಿ ಚಿಪ್ಪು, ಅಂಚಿಗೆ ಮುಳ್ಳು. ಬಲೆಯ ಎಳೆಗಳ ಮೇಲೆ ಅಲ್ಲಲ್ಲಿ ಹತ್ತಿಯ ಚೂರು ಅಂಟಿಸಿದಂತೆ ಬಿಳಿ ಗಂಟುಗಳು.

ಈಗ ಚಿತ್ತಾಪುರದಿಂದ ವಾಡಿಗೆ, ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಗೆ ಬನ್ನಿ. ಅಲ್ಲಿ ಕಾಡಿಲ್ಲ. ಫರಸಿ ಕಲ್ಲು ತೆಗೆದು ಬಿಟ್ಟ ಕ್ವಾರಿಗಳು, ಅವುಗಳ ಸುತ್ತ ಜಾಲಿ, ಕಳ್ಳಿ. ಆದರೂ ಬಲೆಗಳ ಮಟ್ಟಿಗೆ ಆ ದಾರಿ ಕಾಡಿಗಿಂತ ಬಡವಲ್ಲ. ಜಾಲಿಯ ಕೊಂಬೆಗಳ ನಡುವೆ ಒಣ ಎಲೆ, ಹುಳದ ರೆಕ್ಕೆ, ಕಸ ಎಲ್ಲ ಸೇರಿಸಿ ಬೆಸೆದ ಬೂದು ಉಂಡೆಗಳನ್ನು ನೀವು ನೋಡಿರುತ್ತೀರಿ. ಉಂಡೆಯಿಂದ ಸುತ್ತಲಿನ ರೆಂಬೆಗಳಿಗೆ ಕೊಳೆಯಾದ ಅರಿವೆಯಂತೆ ಬಲೆ ಎಳೆದಿರುತ್ತದೆ. ಯಾರೋ ಬಿಟ್ಟುಹೋದ ಹಳೆಯ ಗೂಡೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸ್ಟೆಗೋಡಿಫಸ್ ಸರಸಿನೋರಮ್ ಎಂಬ ಗುಂಪು ಜೇಡದ ಊರು. ಜೇಡಗಳಲ್ಲಿ ಕೂಡಿ ಬದುಕುವವು ಬಹಳ ಅಪರೂಪ. ಅಂಥದೊಂದು ನಮ್ಮ ರಸ್ತೆಯ ಬದಿಯ ಮುಳ್ಳುಗಿಡದಲ್ಲಿ ಇದೆ.

ಒಂದೊಂದು ಗೂಡಿನಲ್ಲಿ ನೂರಾರು ಇರಬಹುದು. ಒಂದೊಂದೂ ಒಂದು ಸೆಂಟಿಮೀಟರಿನಷ್ಟೇ. ದೊಡ್ಡದು ಹುಳವಲ್ಲ, ಅವು ಕೂಡಿ ಮಾಡಿದ ನೇಯ್ಗೆ. ಈ ಬಲೆಗೆ ಅಂಟಿನ ಹನಿಯಿಲ್ಲ. ಹಿಂಗಾಲಿನ ಹಣಿಗೆಯಿಂದ ಎಳೆಯನ್ನು ಬಾಚಿ ಬಾಚಿ ಉಣ್ಣೆಯಂತೆ ಮಾಡುತ್ತವೆ, ಹುಳದ ಕಾಲು ಆ ಉಣ್ಣೆಗೆ ಸಿಕ್ಕಿಕೊಳ್ಳುತ್ತದೆ. ಮಿಡತೆ ಬಿದ್ದರೆ ಹತ್ತಾರು ಹೊರಬಂದು ಎಳೆದು, ಕೂಡಿಯೇ ಉಣ್ಣುತ್ತವೆ. ಮರಿಗಳಿಗೆ ತಾಯಿ ತಾನು ಅರಗಿಸಿದ್ದನ್ನು ಬಾಯಿಂದ ಉಣಿಸುತ್ತದೆ. ಮೊಟ್ಟೆ ಇಡದ ಹೆಣ್ಣುಗಳೂ ಹಾಗೆಯೇ ಸಾಕುತ್ತವೆ. ಕೊನೆಗೆ ಮರಿಗಳು ಸಾಕಿದವರ ಮೈಯನ್ನೇ ಉಂಡು ಬೆಳೆಯುತ್ತವೆ, ಸಾಕಿದವು ಓಡಿಹೋಗುವುದಿಲ್ಲ. ಇದನ್ನು ಮೊದಲು ಓದಿದ ದಿನ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ಅದೇ ಕಳ್ಳಿ, ಜಾಲಿಗಳಲ್ಲಿ ಇನ್ನೊಂದು ಬಲೆ ಕಾಣುತ್ತದೆ: ನೆಲಕ್ಕೆ ಸಮನಾಗಿ ಹಾಸಿದ, ನಡುವೆ ಗುಮ್ಮಟದಂತೆ ಉಬ್ಬಿದ, ಬಹಳ ಒತ್ತು ನೇಯ್ಗೆ. ಮೇಲೆ ಕೆಳಗೆ ಗೊಂದಲದ ಎಳೆಗಳು. ಇದು ಡೇರೆ ಜೇಡ, ಸಿರ್ಟೋಫೋರಾ. ಮುಟ್ಟಿ ನೋಡಿ, ಕೈಗೆ ಅಂಟುವುದಿಲ್ಲ. ಮೇಲಿನ ಎಳೆಗೆ ತಾಗಿದ ಹುಳ ಬಟ್ಟೆಯ ಮೇಲೆ ಉದುರುತ್ತದೆ, ಕೆಳಗೆ ಕಾದ ಜೇಡ ಹಿಡಿಯುತ್ತದೆ. ಕ್ವಾರಿಯ ನೀರಿನ ದಂಡೆಗೆ ಹೋದರೆ ಜೊಂಡಿನ ನಡುವೆ ನೀರಿಗೆ ಅಡ್ಡಲಾಗಿ ಹಾಸಿದ ತೆಳುಬಲೆ, ಅದರಲ್ಲಿ ಕಡ್ಡಿಯಂತೆ ಕಾಲು ಚಾಚಿ ಮಲಗಿದ ಟೆಟ್ರಾಗ್ನಾಥಾ.

ಈ ದಾರಿಯ ಬಲೆಗಳೆಲ್ಲ ಬೂದುಬಣ್ಣ ಯಾಕೆಂದು ವಾಡಿಯ ಹುಡುಗಿಯೊಬ್ಬಳು ಕೇಳಿದ್ದಳು. ಧೂಳು. ಸುಣ್ಣಕಲ್ಲಿನ, ಸಿಮೆಂಟಿನ, ಲಾರಿಯ ಧೂಳು ಅಂಟಿನ ಹನಿಗಳ ಮೇಲೆ ಕೂತರೆ ಅಂಟು ಹೋಗುತ್ತದೆ. ಆಸ್ಟ್ರೇಲಿಯಾ, ಪೋಲೆಂಡುಗಳಲ್ಲಿ ಜೇಡರ ಬಲೆಗಳನ್ನು ಸಂಗ್ರಹಿಸಿ ಗಾಳಿಯಲ್ಲಿರುವ ಲೋಹಗಳನ್ನು ಅಳೆದಿದ್ದಾರೆ. ಈ ಭಾಗದ ಕಾಲೇಜುಗಳಿಗೆ ಅದೊಂದು ಒಳ್ಳೆಯ ಕೆಲಸ. ಬಲೆ ಪುಕ್ಕಟೆ ಸಿಗುತ್ತದೆ, ಮತ್ತು ನಾವು ಉಸಿರಾಡುವುದೂ ಅದೇ ಗಾಳಿಯನ್ನು.

ಭಯದ ಮಾತು ಬಿಟ್ಟು ಈ ಉಪನ್ಯಾಸ ಮುಗಿಸುವ ಹಾಗಿಲ್ಲ. "ಕಡದ್ರ ಸಾಯ್ತಾರೇನ್ರಿ?" ಎಂದು ಪ್ರತಿ ಶಾಲೆಯಲ್ಲಿಯೂ ಕೇಳುತ್ತಾರೆ. ನಾನು ಇಲ್ಲಿ ಹೇಳಿದ ಯಾವ ಬಲೆಜೇಡವೂ ಮನುಷ್ಯರನ್ನು ಕೊಲ್ಲುವಂಥದ್ದಲ್ಲ. ಕೈಯಲ್ಲಿ ಹಿಸುಕಿದರೆ ದೊಡ್ಡವು ಕಚ್ಚಬಹುದು. ಉರಿ, ಬಾವು ಬಂದು ಇಳಿಯುತ್ತದೆ. ಇನ್ನು ಜೇಡರ ಹುಳ ಉಚ್ಚಿ ಹೊಯ್ದು ಗುಳ್ಳೆ ಎದ್ದವು ಎಂಬ ನಂಬಿಕೆ. ಜೇಡ ಹಾಗೆ ಮಾಡುವುದಿಲ್ಲ. ತುಟಿಯ ಬದಿಯ ಗುಳ್ಳೆ, ಪಕ್ಕೆಯ ಸುತ್ತ ಏಳುವ ಸರ್ಪಸುತ್ತು ವೈರಸ್ಸಿನವು. ಮಳೆಗಾಲದ ರಾತ್ರಿ ದೀಪಕ್ಕೆ ಬರುವ ಪೀಡೆರಸ್ ಎಂಬ ಕೆಂಪು ಕಪ್ಪಿನ ಸಣ್ಣ ಹುಳ ಚರ್ಮದ ಮೇಲೆ ಜಜ್ಜಿದರೂ ಸುಟ್ಟಂಥ ಗುಳ್ಳೆ ಏಳುತ್ತವೆ. ಸರ್ಪಸುತ್ತಿಗೆ ಬೇಗ ಔಷಧ ಶುರುಮಾಡಬೇಕು. ಜೇಡದ ಮೇಲೆ ತಪ್ಪು ಹೊರಿಸಿ ಮನೆಮದ್ದಿನಲ್ಲಿ ದಿನ ಕಳೆದರೆ ನೋವು ಉಣ್ಣುವವರು ನಮ್ಮ ಮನೆಯ ಹಿರಿಯರು.

ಕೊನೆಗೆ ಹೆಸರಿನ ಮಾತಿಗೇ ಮರಳುತ್ತೇನೆ. ಭಾರತದ ಚಕ್ರಬಲೆ ಜೇಡಗಳ ಬಗ್ಗೆ ಪೋಕಾಕ್ 1900ರಲ್ಲಿ, ಬಿ.ಕೆ. ಟಿಕಾದರ್ 1982ರಲ್ಲಿ ಬರೆದ ಗ್ರಂಥಗಳು ಇಂಗ್ಲಿಷಿನಲ್ಲಿವೆ. 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಲಪ್, ಸುಮುಖ ಜಾವಗಲ್ ಅವರು ನಮ್ಮದೇ ರಾಜ್ಯದ ಪಶ್ಚಿಮಘಟ್ಟದ ಕಾನಿನಲ್ಲಿ ಹೊಸ ಜೇಡವೊಂದನ್ನು ಕಂಡು ವಿವರಿಸಿದರು. ಒಣ ಎಲೆಯಂತೆ ಮಡಚಿದ ಮೈ. ಹ್ಯಾರಿ ಪಾಟರ್ ಕಥೆಯ ಟೋಪಿಯ ನೆನಪಿಗೆ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು. ಆ ಹೆಸರಿನಿಂದ ಜೇಡ ಲೋಕಕ್ಕೆಲ್ಲ ಪರಿಚಯವಾಯಿತು, ಸಂತೋಷ. ಆದರೆ ಕನ್ನಡದಲ್ಲಿಯೂ ಅದಕ್ಕೊಂದು ಹೆಸರು ಇರಲಿ ಎಂಬುದು ನನ್ನ ಆಸೆ. ಈ ತಾಲ್ಲೂಕಿನ ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, ಕವಿರಾಜಮಾರ್ಗ ಹುಟ್ಟಿತು. ಅದು ಲಕ್ಷಣಗ್ರಂಥ, ಕಾವ್ಯವನ್ನು ಅದರ ಲಕ್ಷಣಗಳಿಂದ ಗುರುತಿಸುವುದನ್ನು ಕಲಿಸಿದ ಗ್ರಂಥ. ಅಂಥ ನೆಲದಲ್ಲಿ ಜೇಡಗಳ ಲಕ್ಷಣವನ್ನು ಕನ್ನಡದಲ್ಲಿ ಬರೆಯಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಶಿಕ್ಷಕ ಬಂಧುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ದಸರೆಯಿಂದ ಕಾರ್ತಿಕ ಮುಗಿಯುವವರೆಗೆ ಮಕ್ಕಳನ್ನು ಬೆಳಗಿನ ಹೊತ್ತು ಬದುವಿಗೆ, ಕ್ವಾರಿಯ ದಂಡೆಗೆ, ಚಿಂಚೋಳಿಯವರಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಕಾಡಿನಂಚಿಗೆ ಕರೆದೊಯ್ಯಿರಿ. ಬಲೆ ಕಂಡಲ್ಲಿ ನಿಲ್ಲಿ. ಸೂರ್ಯನಿಗೆ ಎದುರಾಗಿ ನಿಂತರೆ ಎಳೆಗಳು ಚೆನ್ನಾಗಿ ಕಾಣುತ್ತವೆ. ಬಲೆ ನೆಟ್ಟಗಿದೆಯೋ ಅಡ್ಡಲೋ, ನಡು ಎಲ್ಲಿದೆ, ಎಳೆ ಯಾವ ಬಣ್ಣ, ಕಸೂತಿ ಇದೆಯೇ, ಒಂಟಿಯೋ ಗುಂಪೋ, ಮುಟ್ಟಿದರೆ ಅಂಟುತ್ತದೆಯೋ ಎಂದು ಒಂದು ವಹಿಯಲ್ಲಿ ಬರೆಸಿ. ತಾರೀಖು, ಊರಿನ ಹೆಸರು, ಗಿಡದ ಹೆಸರು ಹಾಕಿಸಿ. ಜೇಡದ ಬೆನ್ನಿನದೂ ಹೊಟ್ಟೆಯದೂ ಒಂದೊಂದು ಫೋಟೋ ತೆಗೆಯಿರಿ. ಹೆಸರಿಲ್ಲದಿದ್ದರೆ ಮಕ್ಕಳೇ ಒಂದು ಹೆಸರಿಡಲಿ. ತಾಂಡಾದ ಮಕ್ಕಳು ತಮ್ಮ ಲಂಬಾಣಿ ಮಾತಿನಲ್ಲಿ, ಗಡಿಯ ಮಕ್ಕಳು ತೆಲುಗಿನಲ್ಲಿ ಏನೆನ್ನುತ್ತಾರೋ ಅದನ್ನೂ ಪಕ್ಕದಲ್ಲಿ ಬರೆಸಿ. ಮಾರ್ಚಿ ಬಂದಾಗ ಆ ಮಕ್ಕಳೇ ತಮ್ಮ ಮನೆಯ ದೊಡ್ಡವರಿಗೆ, ತರಗೆಲೆಗೆ ಬೆಂಕಿ ಕೊಡಬ್ಯಾಡ್ರಿ, ಅದರ ಕೆಳಗ ಜೇಡ್ರ ತತ್ತಿ ಅದಾವ ಎಂದು ಹೇಳಲಿ.